ಇಬ್ಬರಿಗೂ ಕೂಡಿಸು

ಭಾನುವಾರ, ಮಧ್ಯಾಹ್ನ

ಅಮ್ಮನಿಗೆ,

ನಮಸ್ಕಾರ. ನಿನ್ನ ಕಾಗದ ತಲುಪಿತು. ಹೇಗಿದ್ದೀ ಎಂದು ಕೇಳುವ ಮೊದಲೇ ಯಾವಾಗ ಬರುತ್ತೀ ಎಂದು ಕೇಳಿದ್ದೀಯ. ಇರಲಿ, ಚೆನ್ನಾಗಿದ್ದೇನೆ. ಶಾಲೆಯಲ್ಲಿ ಏಳು, ಎಂಟನೆಯ ತರಗತಿಗಳ ಗಣಿತ ಕೊಟ್ಟಿದ್ದಾರೆ. ರೂಮು ಚಿಕ್ಕದು, ಮಂಚದ ಮೇಲೆ ಕೂತರೆ ಕಿಟಕಿ ಕೈಗೆ ಸಿಗುತ್ತದೆ. ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಹಗಲು ಟ್ಯೂಷನ್ ಮಕ್ಕಳ ಗಲಾಟೆ, ರಾತ್ರಿ ನಿನ್ನ ಗೊರಕೆ ಕೇಳಿ ಬೆಳೆದವಳಿಗೆ ಇದೇ ದೊಡ್ಡ ಬಂಗಲೆ.

ಮೊನ್ನೆ ವಯಸ್ಸಿನ ಲೆಕ್ಕ ಶುರು ಮಾಡಿದೆ. ಅದೇ ಹಳೆಯದು: ತಂದೆಯ ವಯಸ್ಸು ಈಗ ಮಗನ ವಯಸ್ಸಿನ ನಾಲ್ಕರಷ್ಟು, ಐದು ವರ್ಷದ ನಂತರ ಮೂರರಷ್ಟು. ಮಗನಿಗೆ x ಎಂದರೆ ತಂದೆಗೆ 4x. ಒಬ್ಬ ಹುಡುಗಿ 4x + 5 = 3x ಎಂದು ಬರೆದು, ಮಗನ ವಯಸ್ಸು ಮೈನಸ್ ಐದು ಎಂದು ಉತ್ತರ ತಂದಳು. ತಂದೆಗೆ ಐದು ಕೂಡಿಸಿದ್ದಳು, ಮಗನಿಗೆ ಮರೆತಿದ್ದಳು. ನನ್ನ ಬಾಯಿಂದ ನಿನ್ನ ಮಾತೇ ಬಂತು: ಮಗ ಇನ್ನೂ ಹುಟ್ಟೇ ಇಲ್ಲ, ಅಪ್ಪ ಆಗ್ಲೇ ಅವನ ಲೆಕ್ಕ ಹಾಕ್ತಾ ಕೂತಿದ್ದಾನೆ. ಮಕ್ಕಳೆಲ್ಲ ನಕ್ಕರು. ಆಮೇಲೆ ಬೋರ್ಡಿನ ಮೇಲೆ 4x + 5 = 3(x + 5) ಎಂದು ಬರೆದೆ. ಆವರಣ ಬಿಡಿಸಿದರೆ ಬಲಗಡೆ 3x + 15. ಹಾಗಾಗಿ x ಹತ್ತು. ಮಗನಿಗೆ ಹತ್ತು, ತಂದೆಗೆ ನಲವತ್ತು. ವರ್ಷ ಇಬ್ಬರಿಗೂ ಕಳೆಯುತ್ತದೆ, ಇಬ್ಬರಿಗೂ ಕೂಡಿಸು ಎಂದು ನೀನು ಮೇಜು ಕುಟ್ಟಿ ಹೇಳುತ್ತಿದ್ದದ್ದು ನೆನಪಾಯಿತು.

ಊರ ಮಕ್ಕಳನ್ನೆಲ್ಲ ತಿದ್ದಿದವಳು ನೀನು. ಮನೆಯಲ್ಲಿ ಮಾತ್ರ ಅದೇ ತಪ್ಪು ಮಾಡಿದೆ. ನಮ್ಮ ಪ್ರಶ್ನೆಪತ್ರಿಕೆ ಅಚ್ಚು ಹಾಕುತ್ತಿದ್ದ ಪ್ರೆಸ್ಸಿನವನು ನನ್ನನ್ನು ಕೇಳಿಕೊಂಡು ಬಂದಾಗ ನನಗೆ ಇಪ್ಪತ್ತೊಂದು. ತಮ್ಮನಿಗೆ ಹದಿನಾರು, ಇನ್ನಾರು ವರ್ಷಕ್ಕೆ ಇಪ್ಪತ್ತೆರಡು, ಕೆಲಸಕ್ಕೆ ಸೇರುತ್ತಾನೆ, ಅಲ್ಲಿಯವರೆಗೆ ಟ್ಯೂಷನ್ನಿಗೆ ನನ್ನ ಕೈ ಬೇಕು ಎಂದೆ ನೀನು. ಅಪ್ಪ ಹೋದ ಮೇಲೆ ಮನೆ ನಡೆದದ್ದು ಆ ಟ್ಯೂಷನ್ನಿನಿಂದಲೇ, ಅದು ನನಗೂ ಗೊತ್ತು. ಅದಕ್ಕೇ ನಾನು ಹೂಂ ಎಂದೆ. ಆದರೆ ಆರು ವರ್ಷವನ್ನು ನೀನು ಅವನೊಬ್ಬನಿಗೇ ಕೂಡಿಸಿದೆ. ಕಾದು ಮತ್ತೆ ಬರುತ್ತೇನೆ ಎಂದು ಹೋದ ಪ್ರೆಸ್ಸಿನವನು ಬರಲಿಲ್ಲ, ಬೇರೆ ಮದುವೆಯಾದ ಸುದ್ದಿ ಬಂತು. ಗಂಡಸರ ಮಾತು ಇಷ್ಟೇ ಎಂದು ನೀನು ನನ್ನ ತಲೆ ಸವರಿದೆ. ನಾನು ನಿನ್ನ ಮಡಿಲಲ್ಲೇ ಬಿದ್ದು ಅತ್ತೆ.

ಆಮೇಲೆ ತಮ್ಮನ ಮದುವೆ ಆಗಲಿ ಎಂದೆ ನೀನು. ಅದೂ ಆಯಿತು. ನನಗೆ ಮೂವತ್ತಮೂರು ತುಂಬಿದ ವಾರ ಅಡುಗೆಮನೆಯಲ್ಲಿ ನೀನು ಸೊಸೆಗೆ ಹೇಳುತ್ತಿದ್ದೆ: ಇನ್ನು ಇವಳನ್ನ ಯಾರು ಮಾಡ್ಕೋತಾರೆ, ವಯಸ್ಸು ಮೀರಿ ಹೋಯ್ತಲ್ಲ. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಅಷ್ಟು ವರ್ಷ ಕೂಡಿಸದೆ ಇಟ್ಟಿದ್ದನ್ನೆಲ್ಲ ಒಂದೇ ಏಟಿಗೆ ನನ್ನ ತಲೆಗೆ ಕಟ್ಟಿದೆ. ಮೈಯೆಲ್ಲ ಉರಿದು ಹೋಯಿತು ಅಮ್ಮ, ಈಗಲೂ ಉರಿಯುತ್ತದೆ.

ಈಗ ತಮ್ಮನ ಹೆಂಡತಿ ಬಸುರಿಯಂತೆ, ನಿನಗೆ ಮೊದಲಿನ ಹಾಗೆ ಕೈಲಾಗುತ್ತಿಲ್ಲವಂತೆ, ಮಗು ಶಾಲೆಗೆ ಸೇರುವವರೆಗೆ ಬರೀ ಐದು ವರ್ಷ ಬಂದಿದ್ದು ಹೋಗಬೇಕಂತೆ. ಮಗುವಿಗೆ ಐದು ತುಂಬುವಾಗ ನನಗೆ ಎಷ್ಟಾಗುತ್ತದೆ ಎಂದು ಒಂದು ಸಾಲಾದರೂ ಬರೆಯಬಹುದಿತ್ತು. ನಾನು ಬರುವುದಿಲ್ಲ. ಇಲ್ಲಿ ನನ್ನ ಕೈಹಿಡಿಯಲು ಯಾರೂ ಸಾಲುಗಟ್ಟಿ ನಿಂತಿಲ್ಲ, ಹಾಗೆಂದು ನೀನು ಗೆದ್ದೆ ಅಂದುಕೊಳ್ಳಬೇಡ. ಸಂಬಳ ಬಂದ ದಿನ ಒಬ್ಬಳೇ ಹೋಗಿ ಚಪ್ಪಲಿ ಕೊಂಡೆ, ಯಾರನ್ನೂ ಕೇಳಲಿಲ್ಲ. ಸದ್ಯಕ್ಕೆ ಅಷ್ಟು ಸಾಕು.

ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನ ಮಗಳು

ವಿ.ಸೂ.: ಆರು ವರ್ಷ ಕಳೆದ ಮೇಲೆ ಪ್ರೆಸ್ಸಿನವನು ಬಂದಿದ್ದನಂತೆ. ನಾನು ಒಳಗೆ ಪಾಠ ಹೇಳುತ್ತಿದ್ದೆನಂತೆ. ಅವಳಿಗೇ ಇಷ್ಟವಿಲ್ಲ ಎಂದು ನೀನು ಗೇಟಿನಿಂದಲೇ ಕಳಿಸಿದೆಯಂತೆ. ಹೇಳಿದವನು ತಮ್ಮ, ಅವತ್ತು ನಿನ್ನ ಹಿಂದೆಯೇ ನಿಂತಿದ್ದನಂತೆ. ಇಷ್ಟು ದಿನ ಬಾಯಿ ಬಿಡದವನು, ಈ ಕೆಲಸ ಹುಡುಕಿ, ಈ ರೂಮಿನ ಬೀಗದ ಕೈಯನ್ನು ನನ್ನ ಕೈಗಿಟ್ಟು ಎಲ್ಲ ಹೇಳಿ ಅತ್ತ. ಅವನ ಮೇಲೆ ಹಾರಾಡಬೇಡ. ಇನ್ನು ನಿನಗೆ ಅಂತ ಇರುವವನು ಅವನೊಬ್ಬನೇ.