ಊದಿದ್ದನ್ನು ಊದಿಲ್ಲವೆಂದ ಡಬ್ಬಿ

ಮಾನ್ಯರೇ,

ಮಕ್ಕಳ ಉಸಿರನ್ನು ದೂರದಿಂದಲೇ ಗಮನಿಸುವ ವಿಭಾಗದ ಮುಖ್ಯಸ್ಥರು ತಾವು. ತಾವು ಕೊಟ್ಟ ಡಬ್ಬಿ ನನ್ನ ಮಗಳ ಮೇಲೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ತಾವು ಅವಳನ್ನು ಹೊಸ ಔಷಧಿಯ ಸರದಿಯಿಂದ ಪಕ್ಕಕ್ಕೆ ಸರಿಸಿದ್ದೀರಿ. ಖುದ್ದಾಗಿ ಹೇಳೋಣವೆಂದು ಬಂದರೆ ಬಾಗಿಲಲ್ಲಿದ್ದವರು ಆನ್‌ಲೈನ್‌ನಲ್ಲಿ ದೂರು ಹಾಕಿ ಎಂದರು. ಆನ್‌ಲೈನ್‌ನಲ್ಲಿ ಹಾಕಿದರೆ ಕಚೇರಿಯನ್ನು ಸಂಪರ್ಕಿಸಿ ಎಂಬ ಉತ್ತರ ಬಂತು. ಹಾಗಾಗಿ ಊರೆಲ್ಲ ಓದಲಿ ಎಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಓದುಗರಿಗಾಗಿ ಒಂದಿಷ್ಟು ವಿವರ. ನನ್ನ ಮಗಳಿಗೆ ಎಂಟು ವರ್ಷ. ಮನೆಯಲ್ಲಿ ಚೂಟಿ ಎನ್ನುತ್ತೇವೆ. ಅವಳಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಎಲ್ಲರ ಎದೆಯಲ್ಲೂ ತೆಳ್ಳಗೆ ಜಾರಿಹೋಗುವ ಕಫ ಇವಳ ಎದೆಯಲ್ಲಿ ಅಂಟಿನ ಹಾಗೆ ಹಿಡಿದುಕೊಂಡು ಕೂರುತ್ತದೆ. ಅದನ್ನು ದಿನವೂ ಹೊರಗೆ ತರಲೇಬೇಕು. ಬೆಳಿಗ್ಗೆ, ಸಂಜೆ ಅವಳು ಗಾಳಿಯನ್ನು ತಡೆದು ಬಿಡುವ ಒಂದು ಬಿಗಿ ಕೊಳವೆಗೆ ಊದುತ್ತಾಳೆ. ನಡುನಡುವೆ ಕನ್ನಡಿಗೆ ಹಬೆ ಹಿಡಿಸುವವಳಂತೆ 'ಹಾ' ಎಂದು ಉಸಿರು ದಬ್ಬುತ್ತಾಳೆ, ಕೆಮ್ಮುತ್ತಾಳೆ, ಬಟ್ಟಲಿಗೆ ಉಗುಳುತ್ತಾಳೆ. ಉಳಿದ ಮಕ್ಕಳು ಹಲ್ಲುಜ್ಜಲು ಅಳುವ ಹೊತ್ತಿಗೆ ಇವಳು ಅರ್ಧ ಯುದ್ಧ ಮುಗಿಸಿರುತ್ತಾಳೆ. ಸೋಫಾದ ಮೂಲೆ ಅವಳ ಜಾಗ. ಪಕ್ಕದಲ್ಲಿ ನಾನೋ ಅವಳ ಅಮ್ಮನೋ ಇರಲೇಬೇಕು, ಇಲ್ಲದಿದ್ದರೆ ಸತ್ಯಾಗ್ರಹ.

ಕಳೆದ ವರ್ಷ ತಮ್ಮ ವಿಭಾಗದವರು ಕೊಳವೆಯ ತುದಿಗೆ ಸಿಕ್ಕಿಸುವ ಡಬ್ಬಿಯೊಂದನ್ನು ಕೊಟ್ಟರು. ಊದಿದರೆ ಫೋನಿನಲ್ಲಿ ಕರಡಿಯೊಂದು ಬೆಟ್ಟ ಹತ್ತುತ್ತದೆ. ಲೆಕ್ಕವೆಲ್ಲ ತಮ್ಮ ಪರದೆಗೆ ಹೋಗುತ್ತದೆ. "ಇನ್ನು ನೀವು ಒಂಟಿಯಲ್ಲ" ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಿರಿ. ಆ ಸಾಲು ಓದಿದಾಗಲೇ ನನಗೆ ಅನುಮಾನ ಬಂತು. ಪೀಠೋಪಕರಣದ ದೊಡ್ಡ ಮಳಿಗೆಯೊಂದರ ಕ್ಯಾಮೆರಾ ಕೋಣೆಯಲ್ಲಿ ಕೂರುವುದು ನನ್ನ ಕೆಲಸ. ಗೋಡೆ ತುಂಬ ಪರದೆಗಳು. ನಮ್ಮ ಗ್ರಾಹಕರೂ ಒಂಟಿಯಲ್ಲ! ಆದರೆ ಯಾರಾದರೂ ಮೆಟ್ಟಿಲಲ್ಲಿ ಜಾರಿ ಬಿದ್ದರೆ ನಾವು ಮೊದಲು ಓಡುವುದಿಲ್ಲ, ಮೊದಲು ಹಳೆಯ ದೃಶ್ಯ ತೆಗೆದು ತಪ್ಪು ಅವರದೋ ನಮ್ಮದೋ ಎಂದು ನೋಡುತ್ತೇವೆ. ನಮ್ಮ ಜೊತೆಗೇ ಇರುವ ನನ್ನ ಅತ್ತೆಯ ಅನುಮಾನ ಇನ್ನೂ ನೇರವಾದದ್ದು. "ಇದು ಮನೆ ಮಾತೆಲ್ಲ ಕೇಳಿಸ್ಕೊಂಡು ಹೋಗಿ ಹೇಳುತ್ತೆ" ಎಂದು ಊದಿ ಮುಗಿದ ತಕ್ಷಣ ಡಬ್ಬಿಗೆ ಟವೆಲ್ ಹೊದಿಸುತ್ತಿದ್ದರು. ನಾನು ನಗುತ್ತಿದ್ದೆ, ಆದರೆ ಟವೆಲ್ ತೆಗೆಯುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಚೂಟಿಗೆ ನೆಗಡಿ ಬಂತು. ನೆಗಡಿ ಎದೆಗಿಳಿಯಿತು. ಊದುವಾಗ ಕೆನ್ನೆ ನಡುಗುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಬಿಡಲಿಲ್ಲ. ಕರಡಿ ಮಾತ್ರ ಬೆಟ್ಟದ ಬುಡದಲ್ಲೇ ಕೂತಿತ್ತು. "ಇವತ್ತು ಆಟಕ್ಕೆ ಬರಲಿಲ್ಲವೇ? ಸೋಮಾರಿತನ ಬಿಡೋಣ!" ಎಂದು ಅಳುಮೋರೆ ಹಾಕಿತು. ಆ ವಾರ ತಮ್ಮ ವಿಭಾಗದಿಂದ ಕರೆ ಬಂದಾಗ, ಸದ್ಯ ಯಾರೋ ನೋಡುತ್ತಿದ್ದಾರಲ್ಲ ಎಂದು ನಿಜಕ್ಕೂ ಸಮಾಧಾನವಾಯಿತು.

"ಸರ್, ಪಾಪು ಈ ವಾರ ಎಕ್ಸರ್‌ಸೈಜ್ ಮಾಡೇ ಇಲ್ವಲ್ಲ" ಎಂದಳು ಕರೆ ಮಾಡಿದ ಹುಡುಗಿ.

"ಮಾಡಿದ್ದಾಳಮ್ಮ. ನಾನೇ ಪಕ್ಕದಲ್ಲಿ ಕೂತಿದ್ದೆ."

"ನಮ್ಮ ಸ್ಕ್ರೀನಲ್ಲಿ ಏನೂ ಬಂದಿಲ್ಲ ಸರ್."

"ಅವಳಿಗೆ ಹುಷಾರಿಲ್ಲ. ಜೋರಾಗಿ ಊದಕ್ಕಾಗ್ತಿಲ್ಲ."

"ಹುಷಾರಿಲ್ಲದಾಗ ಇನ್ನೂ ಜಾಸ್ತಿ ಮಾಡಿಸ್ಬೇಕು ಸರ್. ನೀವೇ ಹೀಗೆ ಸಪೋರ್ಟ್ ಮಾಡಿದ್ರೆ ಹೇಗೆ?"

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿರುವ ಪರದೆ ಹೇಳಿದ್ದನ್ನು ಅವಳು ಹೇಳಿದಳು. ಮರುದಿನವೇ ಚೂಟಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವಳ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದರು.

ವಾರ್ಡಿಗೆ ಡಬ್ಬಿಗಳನ್ನು ಪರೀಕ್ಷಿಸಲು ಬಂದ ತಮ್ಮದೇ ತಂತ್ರಜ್ಞರನ್ನು ಹಿಡಿದು ಕೇಳಿದೆ. ಪಾಪ, ಮುಚ್ಚುಮರೆ ಮಾಡಲಿಲ್ಲ. "ಊದಿದ ರಭಸ ಒಂದು ಮಟ್ಟಕ್ಕಿಂತ ಕಡಿಮೆ ಇದ್ರೆ ಅದನ್ನ ಊದಿದ್ದು ಅಂತ ತಗೊಳ್ಳಲ್ಲ ಸರ್. ಹಾಗೆ ಸೆಟ್ ಮಾಡಿದಾರೆ. ಇಲ್ಲಾಂದ್ರೆ ಮಕ್ಕಳು ಸುಮ್ನೆ ತುಟಿ ಆಡಿಸಿ ಮೋಸ ಮಾಡ್ತಾರಂತೆ."

"ಹಾಗಾದ್ರೆ ಅವಳು ಊದಿದ್ದೆಲ್ಲ ಏನಾಯ್ತು?"

"ಡಬ್ಬಿಯೊಳಗೆ ಇರುತ್ತೆ ಸರ್. ಸ್ಕ್ರೀನ್ ಮೇಲೆ ತೋರಿಸಲ್ಲ, ಅಷ್ಟೇ."

ಅಷ್ಟೇ! ಮಾನ್ಯರೇ, ಈ ಜಗತ್ತಿನಲ್ಲಿ ನನಗಿಂತ ಹೆಚ್ಚು ಅನುಮಾನದ ಮನುಷ್ಯ ಇರಲಾರ ಎಂದುಕೊಂಡಿದ್ದೆ. ತಾವು ನನ್ನನ್ನು ಮೀರಿಸಿದ್ದೀರಿ. ನಾನು ಕಪಾಟು ಕೊಳ್ಳಲು ಬಂದವರನ್ನು ಅನುಮಾನಿಸುತ್ತೇನೆ, ತಾವು ಉಸಿರಾಡಲು ಒದ್ದಾಡುವ ಮಕ್ಕಳನ್ನು ಅನುಮಾನಿಸುತ್ತೀರಿ. ಕಳ್ಳಾಟ ಹಿಡಿಯಲು ಇಷ್ಟೊಂದು ಬುದ್ಧಿ ಖರ್ಚು ಮಾಡಿದವರಿಗೆ, ಮಗುವಿನ ಉಸಿರು ದಿನದಿಂದ ದಿನಕ್ಕೆ ಕುಗ್ಗುತ್ತಿದ್ದರೆ ಅದು ಕಾಯಿಲೆ ಇರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲವೇ? ಈ ಕಾಯಿಲೆಯಲ್ಲಿ ನೋಡಬೇಕಾದದ್ದು ಕುಗ್ಗಿದ ಉಸಿರನ್ನೇ ಅಲ್ಲವೇ? ಅದನ್ನೇ ಬಚ್ಚಿಡುವ ಯಂತ್ರಕ್ಕೆ ನಿಗಾ ಎಂಬ ಹೆಸರು ಏಕೆ? ಇಷ್ಟಕ್ಕೂ ತಾವು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದದ್ದು ಮಗುವನ್ನೋ, ತಮ್ಮ ಔಷಧಿ ದಾಸ್ತಾನನ್ನೋ? ಈ ಕೊನೆಯ ಪ್ರಶ್ನೆ ಕೆಟ್ಟದ್ದು, ಬಲ್ಲೆ. ಆದರೆ ಈ ಕಾಯಿಲೆಗೆ ಬಂದ ಹೊಸ ಔಷಧಿ ಎಲ್ಲ ಮಕ್ಕಳಿಗೆ ಸಾಲದೆಂದು ತಾವೇ ಹೇಳಿದ ತಿಂಗಳಲ್ಲೇ "ದೈನಂದಿನ ಚಿಕಿತ್ಸಾ ಪಾಲನೆ ತೃಪ್ತಿಕರವಾಗಿಲ್ಲ" ಎಂಬ ಸಾಲಿನೊಂದಿಗೆ ಅವಳನ್ನು ಸರದಿಯಿಂದ ಕೈಬಿಟ್ಟ ಪತ್ರ ನಮ್ಮ ಮನೆಗೆ ಬಂದಿದೆ. ನನ್ನ ಕೆಲಸದಲ್ಲಿ ಇಂಥ ಕಾಕತಾಳೀಯ ಕಂಡರೆ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡುತ್ತೇವೆ.

ಚೂಟಿ ಈಗ ಮನೆಗೆ ಬಂದಿದ್ದಾಳೆ. ಊದುವ ಮುಂಚೆ ಡಬ್ಬಿಯ ಹತ್ತಿರ ಬಾಯಿಟ್ಟು "ಸಾರಿ" ಎನ್ನುತ್ತಾಳೆ. ಆಮೇಲೆ ಕರಡಿ ಮೇಲೇಳಲಿ ಎಂದು ಮೈಯಲ್ಲಿಲ್ಲದ ಶಕ್ತಿ ಹಾಕಿ ಊದಿ, ತಲೆ ಸುತ್ತಿ ಕೂರುತ್ತಾಳೆ. ಅವಳ ಅಮ್ಮ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಾಳೆ. ಆ ಡಬ್ಬಿಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸುತ್ತದೆ. ಎಸೆದರೆ ಔಷಧಿಯ ಬಾಗಿಲು ಪೂರ್ತಿ ಮುಚ್ಚುತ್ತದೆ, ಅದು ತಮಗೂ ಗೊತ್ತು.

ಔಷಧಿ ಯಾರಿಗೆಂದು ತೀರ್ಮಾನಿಸುವ ಸಮಿತಿ ಮುಂದಿನ ವಾರ ಸೇರುತ್ತದೆ. ಅದಕ್ಕೂ ಮೊದಲು ಆ ಡಬ್ಬಿಯೊಳಗೆ ಬಿದ್ದಿರುವ ನನ್ನ ಮಗಳ ಸಣ್ಣ ಉಸಿರುಗಳನ್ನೆಲ್ಲ ಹೊರತೆಗೆದು ಅವಳ ವೈದ್ಯರ ಮುಂದಿಡಿ. ಅವಳ ಮೇಲೆ ಹೊರಿಸಿದ ಆ ಸಾಲನ್ನು ಹಿಂತೆಗೆದುಕೊಂಡು, ಸರದಿಯಲ್ಲಿ ಅವಳ ಜಾಗ ಅವಳಿಗೆ ಕೊಡಿ. ಉಸಿರು ಕುಗ್ಗಿದ ಮಗುವಿನ ಮನೆಗೆ ಗದರಿಕೆಯ ಬದಲು ವೈದ್ಯರ ಕರೆ ಬರುವ ಏರ್ಪಾಡು ಮಾಡಿ. ಕನಿಕರ ತೋರಿಸಿ ಎಂದು ನಾನು ಕೇಳುತ್ತಿಲ್ಲ, ನೋಡುತ್ತೇವೆ ಎಂದಿರಿ, ನೋಡಿ ಎನ್ನುತ್ತಿದ್ದೇನೆ.

ನಿನ್ನೆ ಚೂಟಿ ಕೇಳಿದಳು: "ಅಪ್ಪಾ, ಅವತ್ತು ನಾನು ಊದಿದ್ದು ನೀನು ನೋಡಿದ್ದೆ ಅಲ್ವಾ? ಅವರಿಗೆ ಹೇಳ್ತೀಯಾ?"

ನೋಡಿದ್ದೆ, ಮಾನ್ಯರೇ. ಪ್ರತಿದಿನ, ಪ್ರತಿಸಲ ಊದಿದಳು. ಹೇಳಿದ್ದೇನೆ.

ಇಂತಿ,
ತಮ್ಮ ಪರದೆಯ ಮೇಲೆ ಎಲ್ಲೂ ಮೂಡದ ಸಾಕ್ಷಿ,
ಸೋಫಾದಲ್ಲಿ ಅವಳ ಪಕ್ಕ ಕೂರುವ ಅಪ್ಪ