ವಿಶ್ವಕೋಶದಲ್ಲಿ ಜೀವಜಲ ಸಭೆ

೧೫ ನವೆಂಬರ್ ೧೯೮೩, ಮಂಗಳವಾರ. ಬಾಗಲಕೋಟೆ.

ರೇಣವ್ವನ ಸಾವನ್ನು ಬರೆಯದೇ ಬಿಡುವವಳಿದ್ದೆ. ವಿಶ್ವಕೋಶಕ್ಕಾಗಿ ಇಳಕಲ್ಲಿನ ಜೀವಜಲ ಸಭೆ ಎಂಬ ಕ್ರೈಸ್ತ ಪಂಗಡದ ಬಗ್ಗೆ ಬರೆದ ಲೇಖನದಲ್ಲಿ ಸಾವಿರಾರು ಜನ ಕೂಡುವ ಪ್ರಾರ್ಥನೆಯಿತ್ತು, ಗುಣವಾದೆವೆಂದವರ ಸಾಕ್ಷಿಯಿತ್ತು. ಅಲ್ಲಿಗೆ ಹೋಗತೊಡಗಿದ ಮೇಲೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಬಿಟ್ಟು ತೀರಿಕೊಂಡ ರೇಣವ್ವ ಮಾತ್ರ ಅದರಲ್ಲಿರಲಿಲ್ಲ.

ಇವತ್ತು ಅವಳ ಅಣ್ಣ ಹುಲ್ಲಪ್ಪ ಬಂದು, "ಕೊಲಿ ಅಂತ ಬರೀರಿ ಬಾಯಾರ. ಇಲ್ಲಾಂದ್ರ ನೀವೂ ಅವರ ಮಂದಿನ" ಅಂದ. ಅವನು ಹೋದ ಮೇಲೆ ಸಭೆಯ ಹಿರಿಯರಾದ ದೇವಪುತ್ರಪ್ಪನವರು ಬಂದರು. ಚಹಾ ಕುಡಿದು ನಗುತ್ತ, "ಚಲೋನ ಬರೀತೀರಿ ಬಿಡ್ರಿ. ನಿಮ್ಮ ಮಗಳು ಸಾಲಿಯಿಂದ ಒಬ್ಬಾಕಿನ ನಡಕೊಂತ ಬರ್ತಾಳಲ್ಲ, ಭಾಳ ಶಾಣ್ಯಾಕಿ ಅದಾಳ" ಅಂದರು.

ಕೊಲೆ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ಇಂಜೆಕ್ಷನ್ ಬಿಟ್ಟದ್ದು ಖರೆ ಎಂದು ಅವಳ ಡಾಕ್ಟರೇ ಹೇಳಿದ್ದಾರೆ. ಅಷ್ಟನ್ನೇ ಬರೆದೆ. ಸಭೆಯವರೇ ಬಿಡಿಸಿದರೆಂದು ಮನೆಯವರು ದೂರುತ್ತಾರೆ, ಸಭೆ ಅಲ್ಲಗಳೆಯುತ್ತದೆ ಎಂದು ಸೇರಿಸಿದೆ. ಇದು ನಿಷ್ಪಕ್ಷಪಾತವೋ, ಇಬ್ಬರಿಗೂ ಹೆದರಿದವಳ ವಾಕ್ಯವೋ? ಹೆದರಿಕೆ ಇಲ್ಲದಿದ್ದರೂ ಹೀಗೇ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ, ಅನಿಸುತ್ತದೆ. ಲೇಖನದ ಕೆಳಗೆ ನನ್ನ ಹೆಸರಿನ ಮೊದಲಕ್ಷರಗಳು ಅಚ್ಚಾಗುತ್ತವೆ. ಬರೆದವರು ಯಾರೆಂದು ತಿಳಿಯಲು ಈ ಊರಿಗೆ ಅಷ್ಟು ಸಾಕು.

ನಾಳೆಯಿಂದ ಮಗಳನ್ನು ನಾನೇ ಕರೆತರಬೇಕು. ಲೇಖನವನ್ನು ಅಂಚೆಗೆ ಹಾಕುವುದು ಗುರುವಾರ, ನವೆಂಬರ್ ೧೭.