ನೂರು ಸಲ ಕೇಳಿದ ಹಾಡು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ, ನೆನೆದರೇ ನನಗಿಲ್ಲಿ ಕಾಲು ಸೆಳೆಯುತ್ತದೆ. ಬಾಣಂತಿ ಹೊಟ್ಟೆತುಂಬ ಊಟ ಮಾಡುತ್ತಿದ್ದಾಳೆಯೇ? ಚಿಕ್ಕ ದೊರೆಗಳು ರಾತ್ರಿ ಕಣ್ಣು ಮುಚ್ಚಲು ಬಿಡುತ್ತಾರೋ, ಇನ್ನೂ ದರ್ಬಾರು ನಡೆಸುತ್ತಿದ್ದಾರೋ? ದಿನಾ ಫೋನಿನಲ್ಲಿ ವಟವಟ ಅನ್ನುವವಳು ಈಗೇಕೆ ಕಾಗದ ಬರೆಯಲು ಕೂತಳು ಎಂದು ನಿಮಗೆ ಅನುಮಾನ ಬಂದಿರುತ್ತದೆ. ಫೋನಿನಲ್ಲಿ ನೀವು ಸ್ಪೀಕರ್ ಹಾಕಿಬಿಡುತ್ತೀರಿ, ಆ ಕಡೆ ಬೀಗರೆಲ್ಲ ಕೇಳಿಸಿಕೊಳ್ಳುತ್ತಾರೆ. ಈ ಕಡೆ ಮಾವ ಪಕ್ಕದಲ್ಲೇ ಕೂತಿರುತ್ತಾರೆ. ಅದೂ ಒಂದು ನೆಪ ಅನ್ನಿ. ನಿಜ ಹೇಳಬೇಕೆಂದರೆ ಇದನ್ನು ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನನ್ನ ತಮ್ಮ ಇವತ್ತು ನಿಮ್ಮ ಕಡೆಗೇ ಕೆಲಸದ ಮೇಲೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಓದಿದ ಮೇಲೆ ಬೈಯಬೇಕು ಅನ್ನಿಸಿದರೆ ಮನಸ್ಸಿಗೆ ತೃಪ್ತಿಯಾಗುವಷ್ಟು ಬೈದುಬಿಡಿ.

ನಿಮ್ಮ ಮಗ ಮನೆಯ ಕ್ಯಾಸೆಟ್ಟು, ಸಿ.ಡಿ.ಗಳನ್ನೆಲ್ಲ ಒಂದು ಪುಟ್ಟ ಪೆಟ್ಟಿಗೆಗೆ ತುಂಬಿಸಿ "ಇದು ನಮ್ಮದೇ ಮ್ಯೂಸಿಕ್ ಸರ್ವರ್" ಎಂದು ಮೀಸೆ ತಿರುವಿದ್ದರಲ್ಲ, ನೀವು ಹೊರಟ ಮೇಲೆ ಅದಕ್ಕೆ ನಿಯಮ ಬರೆಯುವುದನ್ನು ನನಗೂ ಕಲಿಸಿದರು. ಹಾಡುಗಳನ್ನು ಒಂದೊಂದಾಗಿ ಆರಿಸಬೇಕಿಲ್ಲ ಅತ್ತೆ. ಎಂಥ ಹಾಡು ಬೇಕು, ಎಂಥದು ಬೇಡ ಎಂದು ಷರತ್ತು ಬರೆದಿಟ್ಟರೆ ಪ್ಲೇಲಿಸ್ಟನ್ನು ಅದೇ ಕಟ್ಟಿಕೊಳ್ಳುತ್ತದೆ. ಹೊಲಿಗೆಗೆ ಕೂತಾಗ ವೇಗದ ಹಾಡು ಬರಲಿ, ಆದರೆ ಈ ತಿಂಗಳು ಕೇಳಿದ್ದು ಬೇಡ ಎಂದು ಬರೆದೆ, ಹೇಳಿದಂತೆಯೇ ಬಂತು. ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ ನೋಡಿ, ನನಗೆ ಕೊಂಬು ಬಂತು. ಮಾವ ಕೇಳುವ ಬೆಳಗಿನ ಪಟ್ಟಿಗೆ ಮಾತ್ರ ನಿಮ್ಮ ಮಗನೇ ಒಂದು ನಿಯಮ ಹಾಕಿದ್ದರು: ಹೃದಯದ ಗುರುತು ಒತ್ತಿದ ಹಾಡು ಎಲ್ಲಕ್ಕಿಂತ ಮೊದಲು ಬರಬೇಕು. ಮಾವನಿಗೆ ಗೊತ್ತಿದ್ದುದು ಎರಡೇ ಗುಂಡಿ, ಶುರು ಮಾಡುವುದು ಮತ್ತು ಆ ಹೃದಯ. ಅಷ್ಟೊಂದು ಹಾಡುಗಳಲ್ಲಿ ಅವರು ಹೃದಯ ಒತ್ತಿದ್ದು ಒಂದಕ್ಕೆ ಮಾತ್ರ. ಕೊಳಲಿನಿಂದ ಶುರುವಾಗುತ್ತದಲ್ಲ, ನೀವು ಪಾತ್ರೆ ತೊಳೆಯುತ್ತಾ ಅರ್ಧ ಪದ ನುಂಗಿ ಗುನುಗುತ್ತಿದ್ದಿರಲ್ಲ, ಅದೇ.

ಅದು ಮುಗಿದ ಕೂಡಲೇ ಮಾವ ಮತ್ತೆ ಶುರು ಒತ್ತುತ್ತಿದ್ದರು. ಮತ್ತೆ ಕೊಳಲು. ಶೇವ್ ಮಾಡುವಾಗ ಕೊಳಲು, ಶರ್ಟಿಗೆ ಇಸ್ತ್ರಿ ಹಾಕುವಾಗ ಕೊಳಲು. ನನ್ನ ಹೊಲಿಗೆ ಯಂತ್ರ ಇರುವುದು ಸ್ಪೀಕರಿನ ಕೆಳಗೇ. ಎರಡು ತಿಂಗಳಿಗೆ ತಲೆ ಚಿಟ್ಟು ಹಿಡಿದುಹೋಯಿತು. "ಮಾವ, ಸಾಕು" ಅಂದಿದ್ದರೆ ಪಾಪ, ನಗುತ್ತಲೇ ನಿಲ್ಲಿಸುತ್ತಿದ್ದರು. ಆದರೆ ಮಾವನಿಗೆ ಎದುರಾಡಿದವಳು ಅನ್ನಿಸಿಕೊಳ್ಳಬಾರದು, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದುಕೊಂಡು ಬೆಳಗಿನ ಪಟ್ಟಿಗೆ ಒಂದು ಸಾಲು ಸೇರಿಸಿದೆ: ನೂರು ಸಲಕ್ಕಿಂತ ಹೆಚ್ಚು ಕೇಳಿದ ಹಾಡು ಬೇಡ. ಹಾಡಿನ ಹೆಸರು ಬರೆಯಲಿಲ್ಲ, ಬೇಕೆಂದೇ ಬರೆಯಲಿಲ್ಲ. ನಾಳೆ ಯಾರಾದರೂ ಕೇಳಿದರೆ, ನಾನೇನು ಮಾಡಲಿ, ನಿಯಮ ಎಲ್ಲ ಹಾಡಿಗೂ ಒಂದೇ ಅನ್ನಬಹುದಲ್ಲ. ನಮ್ಮ ಮನೆಯಲ್ಲಿ ನೂರು ದಾಟಿದ್ದ ಹಾಡು ಅದೊಂದೇ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಎಣಿಕೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಒಮ್ಮೆ ಹೊರಗೆ ಬಿದ್ದ ಹಾಡು ತಾನಾಗಿ ಒಳಗೆ ಬರುವಂತಿಲ್ಲ. ಅದೂ ಗೊತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಹುಡುಗಾಟ ಅನ್ನಬಹುದಿತ್ತು. ಮೂರ್ನಾಲ್ಕು ದಿನ ಕಳೆದ ಮೇಲೆ ಮಾವ ಬಾಗಿಲಲ್ಲಿ ನಿಂತು, "ಅಲ್ಲಮ್ಮಾ, ನಮ್ಮ ಹಾಡು ಯಾಕೋ ಬರ್ತಾನೇ ಇಲ್ವಲ್ಲ?" ಅಂದರು. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ತಲೆ ಕೂಡ ಎತ್ತದೆ, "ನಿನ್ನೆ ತಾನೇ ಬಂತಲ್ಲ ಮಾವ, ನೀವೇ ಕೇಳಿದ್ರಿ" ಅಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವರು "ಹೌದಾ... ಇರಬೇಕು" ಎಂದು ಹೋದರು. ಮತ್ತೆ ಕೇಳಿದಾಗಲೂ ಅದೇ ಮಾತು ಹೇಳಿದೆ. ಮೊದಲ ಸುಳ್ಳನ್ನು ಕಾಯಲು ಎರಡನೆಯದು ಬೇಕಾಗಿತ್ತು. ಆಮೇಲೆ ಅವರು ಕಾಫಿ ಕುಡಿದೆನಾ ಎಂದು ಎರಡೆರಡು ಸಲ ಕೇಳುವುದು, ಔಷಧಿ ಅಂಗಡಿಯ ಬೀಗ ಹಾಕಿದೆನಾ ಎಂದು ಅರ್ಧ ದಾರಿಯಿಂದ ವಾಪಸು ಹೋಗುವುದು ಶುರುವಾಯಿತು. ನೆಟ್ಟಗಿದ್ದ ಮನುಷ್ಯನ ತಲೆಯಲ್ಲಿ ನಾನೇ ಹುಳ ಬಿಟ್ಟೆ ಅತ್ತೆ.

ಔಷಧಿ ಅಂಗಡಿಗೆ ರಜೆ ಎಂದು ಮಾವ ನಿಮಗೆ ಫೋನಿನಲ್ಲಿ ಹೇಳಿದರಲ್ಲ, ರಜೆಯಲ್ಲ. ಹೋದ ವಾರ ಅವರು ಬಿಳಿ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಬೀಗದ ಕೈ ಸಮೇತ ಮಾಲೀಕರಿಗೆ ಕೊಟ್ಟು ಬಂದರು. ಡಾಕ್ಟರುಗಳ ಕೋಳಿಗೀಚನ್ನೆಲ್ಲ ಓದಿ ಮಾತ್ರೆ ಕೊಡುತ್ತಿದ್ದವರು, ಇಡೀ ಬೀದಿಗೆ ಕಾಂಪೌಂಡರ್ ತಾತ! ನಿಮ್ಮ ಮಗ ಎಷ್ಟು ಕೇಳಿಕೊಂಡರೂ, "ನಿನ್ನೆ ಕೇಳಿದ ಹಾಡೇ ನೆನಪಿಲ್ಲದೋನು ಮಾತ್ರೆ ಕೊಡಬಾರದು ಕಣೋ. ಯಾರದ್ದಾದ್ರೂ ಜೀವಕ್ಕೆ ಕುತ್ತು ಬಂದ್ರೆ?" ಅಂದರು. ನಾನು ಅಲ್ಲೇ ಇದ್ದೆ, ತಟ್ಟೆ ಹಿಡಿದುಕೊಂಡು. ಆಗಲಾದರೂ ಹೇಳಬಹುದಿತ್ತು. ಭೂಮಿ ಬಾಯಿಬಿಟ್ಟರೆ ಒಳಗಿಳಿದು ಹೋಗುತ್ತಿದ್ದೆ, ಬಾಯಿ ಮಾತ್ರ ಬಿಡಲಿಲ್ಲ. ಈಗ ಅವರು ಬೆಳಗ್ಗೆ ಶೇವ್ ಕೂಡ ಮಾಡದೆ ಕಿಟಕಿ ಪಕ್ಕ ಕೂತಿರುತ್ತಾರೆ. ನೀವಿಲ್ಲದ ಮನೆಯಲ್ಲಿ ನೀವು ಗುನುಗುವ ಹಾಡು ಹಾಕಿಕೊಂಡು ದಿನ ದೂಡುತ್ತಿದ್ದರು, ಅದನ್ನೂ ಕಿತ್ತುಕೊಂಡೆ. ಥೂ, ನನಗೇ ನನ್ನ ಮೇಲೆ ಅಸಹ್ಯವಾಗುತ್ತಿದೆ.

ಇವತ್ತು ಬೆಳಗ್ಗೆ ಆ ಸಾಲನ್ನು ಅಳಿಸಿದ್ದೇನೆ. ಹಾಡು ಮತ್ತೆ ಪಟ್ಟಿಯ ತಲೆಯಲ್ಲೇ ಬಂದು ಕೂತಿದೆ. ಈ ಕಾಗದ ಮಡಿಸಿದ ಕೂಡಲೇ ಅದನ್ನು ಹಾಕಿ, ಮಾವನ ಮುಂದೆ ನಿಂತು ನಡೆದದ್ದೆಲ್ಲ ಹೇಳುತ್ತೇನೆ. ಅವರ ತಲೆ ನೆಟ್ಟಗಿದೆ, ಸೊಟ್ಟಗಿದ್ದದ್ದು ನನ್ನ ಬುದ್ಧಿ ಎಂದು ಗೊತ್ತಾದರೆ ನಾಳೆಯೇ ಕೋಟು ಹಾಕಿಕೊಂಡು ಅಂಗಡಿಗೆ ಹೋದಾರು. ನನ್ನ ಜೊತೆ ಮಾತು ಬಿಟ್ಟರೂ ಸರಿ. ನೀವು ಮಾತ್ರ ಬಿಡಬೇಡಿ.

ಬಾಣಂತಿಗೆ ನನ್ನ ಪ್ರೀತಿ, ಚಿಕ್ಕ ದೊರೆಗಳ ಕೆನ್ನೆಗೆ ಮುತ್ತು, ನಿಮ್ಮ ಕಾಲಿಗೆ ತಲೆ ಬಾಗಿ ನಮಸ್ಕಾರ.

ಇಂತಿ,
ಮುಖ ತೋರಿಸಲು ನಾಚುತ್ತಿರುವ
ನಿಮ್ಮ ಸೊಸೆ

ಮರೆತ ಮಾತು: ಅತ್ತೆ, ಈಗಷ್ಟೇ ಹಾಡು ಹಾಕಿದೆ. ಮಾವ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಚೆನ್ನಾಗಿದೆ ಕಣಮ್ಮಾ, ಯಾರದಿದು? ನಾನು ಕೇಳೇ ಇರ್ಲಿಲ್ಲ" ಅಂದರು. ತಮಾಷೆ ಮಾಡುತ್ತಿದ್ದಾರೆಂದು ಮುಖ ನೋಡಿದೆ. ತಮಾಷೆಯಲ್ಲ. ಮತ್ತೊಮ್ಮೆ ಹಾಕಿದೆ. ಕೊಳಲು ಬರುತ್ತಿರುವಾಗಲೇ, "ಇದಲ್ಲಮ್ಮಾ, ನಮ್ಮದು ಕೊಳಲಿಂದ ಶುರುವಾಗುತ್ತೆ" ಅಂದರು. ಇಷ್ಟು ಹೊತ್ತು ಎಲ್ಲ ನನ್ನ ತಪ್ಪು ಎಂದು ಅಳುತ್ತಾ ಬರೆದೆ; ಈಗ ಅದು ಬರೀ ನನ್ನ ತಪ್ಪೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಬಾಣಂತಿಯ ಹತ್ತಿರ ಇರಲು ನನ್ನ ಅಮ್ಮನನ್ನು ತಮ್ಮನ ಜೊತೆಯಲ್ಲೇ ಕಳಿಸುತ್ತಿದ್ದೇನೆ. ಅವನು ವಾಪಸು ಹೊರಟಾಗ ನೀವೂ ಬಂದುಬಿಡಿ.